ಮಂಗಳವಾರದ ಸೂಜಿಯನ್ನು ಯಾವ ನೀರಿನಲ್ಲಿ ತೊಳೆದಿರಿ?

ಸತ್ಯನಾರಾಯಣಪೇಟೆ, ಬಳ್ಳಾರಿ
೫ ಮೇ ೧೯೫೦

ಆಸ್ಪತ್ರೆಗಳ ತಪಾಸಣಾಧಿಕಾರಿಗಳಿಗೆ, ನಾನು ಬರೆದ ಮೂರು ಪತ್ರಗಳು ತಮ್ಮ ಕಚೇರಿಯಲ್ಲಿ ಉತ್ತರವಿಲ್ಲದೆ ಬಿದ್ದಿರುವುದರಿಂದ, ಈ ನಾಲ್ಕನೆಯದು ಪತ್ರಿಕೆಯ ಮೂಲಕ.

ಮಾನ್ಯರೇ,

ಕಳೆದ ನವೆಂಬರಿನಿಂದ ಈ ಫೆಬ್ರವರಿಯವರೆಗೆ ನಮ್ಮ ಊರಿನ ಒಂದು ಆಸ್ಪತ್ರೆಯಲ್ಲಿ, ಬೆನ್ನಿಗೆ ಸೂಜಿ ಹಾಕಿಸಿಕೊಂಡು ಆಪರೇಷನ್ ಮಾಡಿಸಿಕೊಂಡವರ ಪೈಕಿ ಆರು ಮಂದಿಗೆ ಮಿದುಳಿನ ಪೊರೆಯ ಜ್ವರ ಬಂತು. ಡಾಕ್ಟರರು ಅದನ್ನು ಮೆನಿಂಜೈಟಿಸ್ ಎನ್ನುತ್ತಾರೆ, ವಾರ್ಡಿನ ಹೆಂಗಸರು ಕತ್ತು ಸೆಟೆಯುವ ಜ್ವರ ಎನ್ನುತ್ತಾರೆ. ನಾಲ್ವರು ಸತ್ತರು. ಒಬ್ಬಾಕೆಗೆ ಎರಡೂ ಕಿವಿ ಹೋದವು. ಒಬ್ಬಾತ ಮಾತ್ರ ನಡೆದುಕೊಂಡು ಮನೆಗೆ ಹೋದ. ಏಪ್ರಿಲ್ ಹನ್ನೊಂದರಂದು ಏಳನೆಯವರಿಗೆ ಸೂಜಿ ಬಿತ್ತು, ಹದಿನಾಲ್ಕರಂದು ಜ್ವರ ಬಂತು. ಇದಕ್ಕೆ ಕಾರಣವೇನೆಂದು ತಾವು ಗೋಡೆಗೆ ಒಂದು ತಿಳಿವಳಿಕೆ ಪತ್ರ ಅಂಟಿಸಿದ್ದೀರಿ. ಅದು ಸುಳ್ಳು. ನಿಜವಾದ ಕಾರಣವನ್ನು ನಾನು ತಮಗೆ ಮಾರ್ಚಿನಲ್ಲೇ ಬರೆದಿದ್ದೆ. ತಾವು ಓದಲಿಲ್ಲ, ಅಥವಾ ಓದಿ ಸುಮ್ಮನಿದ್ದಿರಿ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ತೀರ್ಮಾನಿಸುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ.

ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅಲ್ಲಿ ಈಗ ಮಲಗಿರುವವರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಹೆದರಿಕೆಯೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಸತ್ತ ನಾಲ್ವರಲ್ಲಿ ಒಬ್ಬಳು ನನ್ನ ನಾದಿನಿ ಪಾರಮ್ಮ. ಇನ್ನು ಏಳು ವಾರಕ್ಕೆ ಅದೇ ಮೇಜಿನ ಮೇಲೆ ಮಲಗಬೇಕಾದವಳು ನಾನು. ಎರಡು ವರ್ಷದ ಹಿಂದೆ ನನ್ನ ಮಗಳು ಹುಟ್ಟುವಾಗ ಕೂಸು ಹೊರಗೆ ಬರಲಾರದೆ ಹೊಟ್ಟೆ ಕೊಯ್ದು ತೆಗೆದರು. ಈ ಸಲವೂ ಹಾಗೆಯೇ ಎಂದು ಡಾಕ್ಟರರು ಮೊದಲ ತಿಂಗಳಲ್ಲೇ ಹೇಳಿಬಿಟ್ಟಿದ್ದಾರೆ. ಕುರುಗೋಡಿನ ನನ್ನ ತವರಿನಲ್ಲಿ ಕೈಗುಣವುಳ್ಳ ಸೂಲಗಿತ್ತಿಯಿದ್ದಾಳೆ, ಪ್ರೀತಿಯಿಂದ ಕರೆಯುತ್ತಾಳೆ, ಆದರೆ ನನ್ನ ಎಲುಬಿನ ಇಕ್ಕಟ್ಟನ್ನು ಅವಳ ಪ್ರೀತಿ ಅಗಲ ಮಾಡಲಾರದು. ಮದರಾಸಿಗೆ ಹೋಗುವ ಅನುಕೂಲ ಒಬ್ಬ ಶಾಲಾ ಮಾಸ್ತರರ ಹೆಂಡತಿಗಿಲ್ಲ. ಆದ್ದರಿಂದ ನಾನು ತಮ್ಮ ಆಸ್ಪತ್ರೆಗೇ ಬರಬೇಕು, ತಮ್ಮ ಸೂಜಿಗೇ ಬೆನ್ನು ಕೊಡಬೇಕು. ಹೀಗಿರುವಾಗ ಆ ಸೂಜಿಯ ಕುಲಗೋತ್ರ ವಿಚಾರಿಸುವ ಹಕ್ಕು ನನಗಿದೆಯೋ ಇಲ್ಲವೋ?

ಮೊದಲು ತಮ್ಮ ತಿಳಿವಳಿಕೆ ಪತ್ರದ ಮಾತು. ಬಳ್ಳಾರಿಯ ಬಿಸಿಲು ಮತ್ತು ಧೂಳು ರೋಗಕ್ಕೆ ಕಾರಣವೆಂದು ಅದರಲ್ಲಿದೆ. ಸ್ವಾಮಿ, ನವೆಂಬರಿನಲ್ಲಿ ಯಾವ ಬಿಸಿಲು? ಬಿಸಿಲಿಗೆ ಮಿದುಳಿನ ಪೊರೆ ಬಾಯುವುದಾದರೆ ಈ ಜಿಲ್ಲೆಯಲ್ಲಿ ಇಷ್ಟು ಹೊತ್ತಿಗೆ ಯಾರು ಉಳಿದಿರುತ್ತಿದ್ದರು? ಬಂಧುಗಳು ಹೊರಗಿನಿಂದ ತರುವ ರೊಟ್ಟಿ ಬುತ್ತಿ ಇನ್ನೊಂದು ಕಾರಣವಂತೆ. ಆ ರೊಟ್ಟಿಯನ್ನು ಪಕ್ಕದ ಜ್ವರದ ವಾರ್ಡಿನವರೂ ತಿಂದರು, ಹೆರಿಗೆಯಾದ ಬಾಣಂತಿಯರೂ ತಿಂದರು, ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತು ನಾನೂ ತಿಂದೆ. ನಮ್ಮ ಕತ್ತು ನೆಟ್ಟಗೇ ಇದೆ, ಸಲಾಮು ಹೊಡೆಯಲು ಬೇಕಾದಷ್ಟು ಬಗ್ಗುತ್ತದೆ ಕೂಡ. ಕಡೆಯದಾಗಿ, ರೋಗಿಗಳು ರೋಗವನ್ನು ತಮ್ಮ ಊರಿನಿಂದಲೇ ತಂದಿರಬಹುದು ಎಂದಿದ್ದೀರಿ. ಒಬ್ಬರು ರೂಪನಗುಡಿಯವರು, ಒಬ್ಬರು ಸಿರುಗುಪ್ಪದವರು, ಪಾರಮ್ಮ ಸಿರಿಗೇರಿಯವಳು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಬೇರೆ ಬೇರೆ ಊರಿನಿಂದ ಬೇರೆ ಬೇರೆ ತಿಂಗಳಲ್ಲಿ ಬಂದವರು ಒಂದೇ ರೋಗವನ್ನು ಗಂಟು ಕಟ್ಟಿಕೊಂಡು ಬಂದು, ತಪ್ಪದೆ ಆಪರೇಷನ್ನಿನ ಮೂರನೆಯ ದಿನವೇ ಬಿಚ್ಚಿದರು ಎಂದು ನಂಬುವುದಕ್ಕೆ ಬಹಳ ದೊಡ್ಡ ಹುದ್ದೆ ಬೇಕು. ನನ್ನಂಥ ಸಾಮಾನ್ಯಳಿಂದ ಆಗದು.

ಪಾರಮ್ಮನ ಕತೆಯನ್ನು ತಾವು ಕೇಳಬೇಕು. ತಮ್ಮ ರಿಜಿಸ್ಟರಿನಲ್ಲಿ ಅವಳು ಒಂದು ಸಾಲು.

ಅವಳಿಗೆ ಇಪ್ಪತ್ತೆರಡು ವರ್ಷ. ಫೆಬ್ರವರಿ ಐದರ ಆದಿತ್ಯವಾರ ಹೊಟ್ಟೆನೋವೆಂದು ಸಿರಿಗೇರಿಯಿಂದ ಗಾಡಿಯಲ್ಲಿ, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಬಂದಳು. ಕರುಳಿನ ಬಾಲಕ್ಕೆ ಬಾವು ಬಂದಿದೆ, ಕೊಯ್ದು ತೆಗೆದರೆ ಎಂಟು ದಿನದಲ್ಲಿ ಮನೆಗೆ ಹೋಗಬಹುದು ಎಂದರು. ಆಪರೇಷನ್ ಮಾಡುವ ದೊಡ್ಡ ಡಾಕ್ಟರರು ಹೊರಗಿನಿಂದ ರೈಲಿಗೆ ಬರುವವರು, ಸೋಮವಾರ ಮತ್ತು ಮಂಗಳವಾರ ಎರಡೇ ದಿನ ಇರುವವರು. ಎರಡರಲ್ಲಿ ಯಾವ ದಿನವಾದರೂ ಆದೀತು, ಅಷ್ಟು ಅವಸರವಿಲ್ಲ ಎಂದು ಅವರೇ ಹೇಳಿ ಕಳಿಸಿದ್ದರು. ಪಾರಮ್ಮನ ಗಂಡ ಗಾದೆಪ್ಪ ಬಟ್ಟೆಬರೆ ತರಲು ಊರಿಗೆ ಹೋಗಿದ್ದ, ಸೋಮವಾರ ಸಂಜೆಗೆ ಬರುವವನು. ಅವನು ಬರಲಿ, ಮಂಗಳವಾರ ಮಾಡಿಸೋಣ ಎಂದು ನಾನೆಂದೆ. ನಮ್ಮ ಅತ್ತೆ ಒಪ್ಪಲಿಲ್ಲ.

"ಮಂಗಳಾರ ಬ್ಯಾಡವ್ವಾ. ಈ ಆಸ್ಪತ್ರ್ಯಾಗ ಮಂಗಳಾರ ಕೊಯ್ಸಿಕೊಂಡಾರು ಉಳಿಯಂಗಿಲ್ಲಂತ ಬಸ್ಸಿನಾಗ ಮಂದಿ ಆಡಿಕೊಂತಿದ್ರು. ನಾಳೆ ಸೋಮಾರನ ಆಗಲಿ."

ನಾನು ನಕ್ಕೆ. "ಅತ್ತಿ, ಜ್ವರಕ್ಕ ವಾರ ಗೊತ್ತಾಗತೈತೇನು?"

"ನಿನಗ ಗೊತ್ತಿಲ್ಲದ್ದು ಜ್ವರಕ್ಕ ಗೊತ್ತಿರಬೌದು. ಅದೇನು ಕಾಲೇಜಿಗೆ ಹೋಗಿ ಕೆಟ್ಟಿಲ್ಲಲ್ಲ."

ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಪಾರಮ್ಮ ಆ ನೋವಿನಲ್ಲೂ ನಕ್ಕಳು. "ಸುಮ್ಕಿರಬೇ ಯವ್ವಾ. ನಮ್ಮ ಅತ್ತಿಗಿ ಇಂಟರ್ ಪಾಸಾದಾಕಿ. ಆಕಿ ಮಂಗಳಾರ ಅಂದ ಮ್ಯಾಲ ಯಮನೂ ಸಹಿ ಹಾಕಬೇಕು."

ಮಂಗಳವಾರವೇ ಆಯಿತು. ಆಪರೇಷನ್ ಚೆನ್ನಾಗಿ ಆಯಿತು, ಅದರಲ್ಲಿ ಅನುಮಾನವಿಲ್ಲ, ದೊಡ್ಡ ಡಾಕ್ಟರರ ಕೈ ದೊಡ್ಡದು. ಗುರುವಾರ ತಲೆನೋವೆಂದಳು. ಬೆನ್ನುಸೂಜಿ ಹಾಕಿದವರಿಗೆ ತಲೆನೋವು ಮಾಮೂಲು ಎಂದರು. ಶುಕ್ರವಾರ ಬೆಳಿಗ್ಗೆ "ಅತ್ತಿಗಿ, ಆ ಕಿಟಕಿ ಮುಚ್ಚು, ಬೆಳಕು ಕಣ್ಣಾಗ ಮುಳ್ಳಾಡಿಸಿದಂಗ ಆಗತೈತಿ" ಎಂದಳು. ಗಂಜಿ ಕುಡಿಸಲು ತಲೆ ಎತ್ತಲು ಹೋದರೆ ತಲೆಯ ಜೊತೆಗೆ ಬೆನ್ನೂ ಹಲಗೆಯ ಹಾಗೆ ಎದ್ದು ಬಂತು. ಮತ್ತೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಅದು ತಿಳಿಯಾಗಿರಬೇಕಂತೆ. ಅಕ್ಕಿ ತೊಳೆದ ನೀರಿನಷ್ಟು ಮಡ್ಡಿಯಾಗಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. ಪೆನಿಸಿಲಿನ್ ಕೊಟ್ಟರು, ರಾತ್ರಿ ಹಗಲು ಕೊಟ್ಟರು, ನರ್ಸಮ್ಮನವರ ಮೇಲೆ ನನ್ನ ದೂರಿಲ್ಲ. ಮುಂದಿನ ಮಂಗಳವಾರ, ಶಿವರಾತ್ರಿಯ ಹಿಂದಿನ ದಿನ, ಪಾರಮ್ಮ ಹೋದಳು. ಗಾದೆಪ್ಪ ಡಾಕ್ಟರರ ಮುಂದೆ ಕೈ ಮುಗಿದು ನಿಂತು ಒಂದೇ ಮಾತು ಕೇಳಿದ: "ಹೊಟ್ಟಿನೋವಿಗೆ ಬಂದಾಕಿಗೆ ತಲಿ ಹೆಂಗ ಕೆಟ್ಟಿತ್ರೀ?"

ಮಾನ್ಯರೇ, ಈ ಇಡೀ ಪತ್ರದಲ್ಲಿ ನಾನು ಕೇಳುತ್ತಿರುವುದು ಅದೊಂದೇ ಪ್ರಶ್ನೆ. ಅವನು ಓದಿಲ್ಲದವನು, ಒಂದು ಸಾಲಿನಲ್ಲಿ ಮುಗಿಸಿದ.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಹೊಟ್ಟೆಯಲ್ಲಿರುವುದು ಒದೆಯುತ್ತದೆ, ಪಕ್ಕದಲ್ಲಿರುವುದು ಅಳುತ್ತದೆ, ನಡುವೆ ನಾನು ಕಣ್ಣು ಬಿಟ್ಟುಕೊಂಡು ಯೋಚಿಸುತ್ತೇನೆ. ನಾನು ಸೋಮವಾರ ಎಂದಿದ್ದರೆ? ಅತ್ತೆ ಒಮ್ಮೆಯೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತು. ವಾರದಲ್ಲಿ ಕೆಟ್ಟ ವಾರವೆಂಬುದಿಲ್ಲ ಎಂದು ನಾನು ಈಗಲೂ ನಂಬುತ್ತೇನೆ, ಇಲ್ಲದಿದ್ದರೆ ಕಾಲೇಜಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು ವ್ಯರ್ಥ. ಆದರೆ ಬಸ್ಸಿನ ಮಂದಿ ಸುಮ್ಮಸುಮ್ಮನೆ ಆಡಿಕೊಳ್ಳುವುದಿಲ್ಲವೆಂದೂ ಈಗ ನಂಬುತ್ತೇನೆ. ವಾರ್ಡಿನಲ್ಲಿ ಪರಿಚಯವಾದ ಹೆಂಗಸರ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ವಿಚಾರಿಸಿದೆ. ಆರಕ್ಕೆ ಆರೂ ಮಂಗಳವಾರದವು. ಸೋಮವಾರ ಬೆನ್ನುಸೂಜಿ ಹಾಕಿಸಿಕೊಂಡವರಲ್ಲಿ ನನಗೆ ಸಿಕ್ಕವರು ಒಂಬತ್ತು ಮಂದಿ, ಒಬ್ಬರಿಗೂ ಏನೂ ಆಗಿಲ್ಲ. ಅದೇ ಡಾಕ್ಟರು, ಅದೇ ಮೇಜು, ಅದೇ ಔಷಧ, ಅದೇ ಬಿಸಿಲು, ಅದೇ ರೊಟ್ಟಿ. ನಡುವೆ ಒಂದು ರಾತ್ರಿ. ಆ ಒಂದು ರಾತ್ರಿಯಲ್ಲಿ ಆಸ್ಪತ್ರೆಯಲ್ಲಿ ಬದಲಾಗುವುದೇನು? ತಮ್ಮ ಗುಮಾಸ್ತರನ್ನು ರಿಜಿಸ್ಟರ್ ತೋರಿಸಿ ಎಂದು ಕೇಳಿದೆ. "ಅದು ಸರ್ಕಾರದ್ದು" ಎಂದರು. ಸತ್ತವರು ಮಾತ್ರ ನಮ್ಮವರು.

ಉತ್ತರ ಸಿಕ್ಕಿದ್ದು ಹುಡುಕಿದಲ್ಲಲ್ಲ. ಆಪರೇಷನ್ ಕೋಣೆಯ ಆಯಾ ಹೊನ್ನೂರಮ್ಮನವರು ಪಾರಮ್ಮನಿಗೆ ಗಂಜಿ ಹಾಕಲೆಂದು ತಮ್ಮ ಹಿತ್ತಾಳೆ ಚೆಂಬು ಕೊಟ್ಟಿದ್ದರು. ಮಾರ್ಚಿನಲ್ಲಿ ಅದನ್ನು ಹಿಂದಿರುಗಿಸಲು ಅವರ ಮನೆಗೆ ಹೋದೆ. ಅಷ್ಟು ಹೊತ್ತಿಗೆ ಅವರನ್ನು ತಾವು ಕೆಲಸದಿಂದ ತೆಗೆದಿದ್ದಿರಿ. ಅಂಗಳದಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು.

"ಬರ್ರಿ ಯವ್ವಾ, ಕುಂದರ್ರಿ. ಹೊಟ್ಟಿ ಹೊತ್ಗೊಂಡು ಇಷ್ಟು ದೂರ ಯಾಕ ಬರಾಕ ಹೋದ್ರಿ? ಚೆಂಬು ಎಲ್ಲಿಗೂ ಓಡಿ ಹೋಗತಿರಲಿಲ್ಲ."

"ನಿಮ್ಮನ್ನ ತೆಗೆದುಬಿಟ್ರಂತಲ್ಲ?"

"ತೆಗದ್ರು. ಮಂದಿ ಬುತ್ತಿ ಒಳಗ ಬಿಟ್ಟೆ ಅಂತ. ಬಿಟ್ಟೀನಿ, ಸುಳ್ಳು ಯಾಕ ಹೇಳ್ಲಿ? ಆಸ್ಪತ್ರಿ ಗಂಜಿ ನೀವೂ ಉಂಡೀರಿ, ನೀವ ಹೇಳ್ರಿ ಮತ್ತ." ಕೈ ಒರೆಸಿಕೊಂಡು ಅವರೇ ಮುಂದುವರಿಸಿದರು. "ಹೋಗಲಿ ಬಿಡ್ರಿ. ಇಪ್ಪತ್ತೆರಡು ವರ್ಷ ಸೂಜಿ ಕುದಿಸೀನಿ. ನಾ ಕೊಟ್ಟ ಸೂಜಿ ಕನ್ನಡಿ ಇದ್ದಂಗ. ಹೊಸಾಕಿಗೂ ಎಲ್ಲಾ ಹೇಳಿಕೊಟ್ಟ ಬಂದೀನಿ. ನನ್ನ ಹೊಟ್ಟಿ ಮ್ಯಾಲ ಹೊಡದಾರಂತ ಕೆಲಸ ಕೆಡಿಸಬಾರ್ದು, ನೋಡ್ರಿ."

ಸುಮ್ಮನೆ ಮಾತಿಗೆ ಕೇಳಿದೆ: "ನಮ್ಮ ಊರಿನ ಸವುಳು ನೀರಿನಾಗ ಕುದಿಸಿದ್ದು ಕನ್ನಡಿ ಹೆಂಗ ಆಗತೈತಿ ಹೊನ್ನೂರವ್ವ? ನಮ್ಮ ಮನಿ ಚಹಾದ ಪಾತ್ರಿ ನೋಡಬೇಕು ನೀವು, ಸುಣ್ಣ ಬಳದಂಗ ಅದ."

"ಅದಕ್ಕ ಹೇಳಿದ್ದು! ಸೂಜಿಗೂ ಹಂಗ ಸುಣ್ಣ ಕೂಡತೈತಿ. ಒಳಗಿನ ತೂತೂ ಕಟ್ಟತೈತಿ. ಮೊದಲು ಹಂಗ ಕೊಡತಿದ್ವಿ, ಡಾಕ್ಟರು ತಂತಿ ಆಡಿಸಿ ಹಾಕತಿದ್ರು. ದಸರಾ ಮುಗದ ಮ್ಯಾಲ ತಪಾಸಣಿ ಸಾಹೇಬ್ರು ಬಂದ್ರು. ಸೂಜಿ ಎತ್ತಿ ಬೆಳಕಿಗೆ ಹಿಡದು, ಇದೇನು ಹೊಲಸು, ಇದನ್ನ ಮನಷಾರಿಗೆ ಹಾಕತೀರೇನು ಅಂದ್ರು. ನನಗ ಜೀವ ಹೋದಂಗ ಆತು. ಅವತ್ತಿಂದ ಕುದಿಸಿದ ಮ್ಯಾಲ ಸೀ ನೀರಾಗ ಅದ್ದಿ, ಪಿಚಕಾರಿಲೆ ಒಳಗೂ ಸೀ ನೀರು ಹೊಡದು ಕೊಡಾಕ ಹತ್ತಿದೆ. ಎಂಥಾ ಹೊಳಪು ಅಂತೀರಿ!"

ನನ್ನ ಕೈಯಲ್ಲಿದ್ದ ಚೆಂಬು ಹಾಗೆಯೇ ಇತ್ತು. "ಆ ಸಿಹಿ ನೀರು ಕುದಿಸಿದ್ದಾ?"

"ಸೀ ನೀರು ಯಾರು ಕುದಿಸ್ತಾರ್ರೀ? ಕುಡಿಯೋ ನೀರದು! ರೂಪನಗುಡಿ ಕಡಿ ಬಾವಿಯಿಂದ ಸುಂಕಪ್ಪ ಬಂಡ್ಯಾಗ ತರತಾನ. ನಾ ದಿನಾ ಗಡಿಗಿ ತಿಕ್ಕಿ, ಬಾಯಿಗೆ ಬಟ್ಟಿ ಕಟ್ಟಿ ಇಡತಿದ್ದೆ. ಒಂದು ಹುಳ ಬೀಳಂಗಿಲ್ಲ."

"ಸೋಮವಾರ?"

"ಸೋಮಾರ ಎತ್ತು ಹೂಡತಾರೇನ್ರೀ ಯಾರರ? ಬಸವಣ್ಣನ ವಾರ. ಸುಂಕಪ್ಪನ ಬಂಡಿ ಬರಂಗಿಲ್ಲ. ಆದಿತ್ಯಾರದ ನೀರು ದೊಡ್ಡ ಡಾಕ್ಟರ ಚಹಾಕ್ಕ ಸಾಲತಿರಲಿಲ್ಲ, ಇನ್ನ ಸೂಜಿಗೆ ಎಲ್ಲಿಂದ ತರಲಿ? ಸೋಮಾರ ಹಂಡ್ಯಾಗಿಂದ ಇಕ್ಕಳದಿಂದ ಎತ್ತಿ ಹಂಗ ಕೊಡತಿದ್ದೆ. ಬಿಳೇ ಸೂಜಿ ಕೊಟ್ಟಿ ಅಂತ ಬೈಸಿಕೊಂತಿದ್ದೆ."

ಇದೇ ಕಾರಣ, ಮಾನ್ಯರೇ. ಸೋಮವಾರದ ಸೂಜಿ ಬೆಳ್ಳಗೆ ಕೊಳಕಾಗಿ ಕಾಣುತ್ತಿತ್ತು, ಆದರೆ ಕುದಿಯುವ ನೀರಿನಿಂದ ನೇರವಾಗಿ ಬಂದದ್ದು. ಮಂಗಳವಾರದ ಸೂಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಆದರೆ ಅದರ ಕೊಳವೆಯೊಳಗೆ ಕುದಿಸದ ಗಡಿಗೆಯ ನೀರು ಕುಳಿತಿತ್ತು. ಆ ನೀರು ಕೆಟ್ಟದ್ದಲ್ಲ. ನಾವೆಲ್ಲರೂ ಕುಡಿಯುವುದೇ. ಹೊಟ್ಟೆಗೆ ಹೋದರೆ ಹೊಟ್ಟೆ ಅದನ್ನು ಸಂಭಾಳಿಸುತ್ತದೆ. ಬೆನ್ನುಹುರಿಯ ಸುತ್ತ ಇರುವ ನೀರಿಗೆ ಅಂಥ ಕಾವಲಿಲ್ಲ. ಅಲ್ಲಿ ಬಿದ್ದ ಒಂದು ತೊಟ್ಟಿನೊಳಗಿನ ಕ್ರಿಮಿಗಳು ನೆಟ್ಟಗೆ ಮಿದುಳಿನ ಪೊರೆಗೆ ಏರುತ್ತವೆ. ಇಷ್ಟನ್ನು ನನ್ನ ಇಂಟರ್‌ಮೀಡಿಯಟ್ ಪುಸ್ತಕವೇ ಹೇಳುತ್ತದೆ. ತಮ್ಮ ಪುಸ್ತಕಗಳು ಇನ್ನೂ ದಪ್ಪವಿರುತ್ತವೆ. ನನಗೆ ಎರಡು ವರ್ಷದ ಹಿಂದೆ ಹಾಕಿದ ಸೂಜಿಗೂ ಸುಣ್ಣ ಹಿಡಿದಿತ್ತು. ತಂತಿ ಆಡಿಸಿದ ಸದ್ದು ನನಗೆ ಇನ್ನೂ ನೆನಪಿದೆ. ಆಗ ಅಸಹ್ಯಪಟ್ಟಿದ್ದೆ. ಆ ಅಸಹ್ಯವೇ ನನ್ನನ್ನು ಉಳಿಸಿತು.

ಹೊನ್ನೂರಮ್ಮನವರಿಗೆ ಹೇಳಬೇಕೋ ಬೇಡವೋ? ಹೇಳಿದೆ. ಅವರು ಮೊದಲು ನಂಬಲಿಲ್ಲ. "ನನ್ನ ಮೊಮ್ಮಗಳಿಗೆ ಕುಡಿಸೋ ನೀರು ಯವ್ವಾ ಅದು" ಎಂದರು. ಆಮೇಲೆ ಒಂದೇ ಪ್ರಶ್ನೆ: "ಹಂಗಾದ್ರ ಹೊಸಾಕಿಗೆ ನಾ ಕಲಿಸಿದ್ದು?" ನಾನು ಬಾಯಿ ತೆರೆಯುವ ಮೊದಲೇ ಎದ್ದರು. ಹುಣಸೆಹಣ್ಣಿನ ಕೈ ತೊಳೆಯಲಿಲ್ಲ. ಸೆರಗು ಹೊದ್ದುಕೊಂಡು ಆಸ್ಪತ್ರೆಯ ಕಡೆ ನಡೆದೇಬಿಟ್ಟರು, ನಾನು ಹಿಂದೆ. ಗೇಟಿನವನು ಬಿಡಲಿಲ್ಲ.

"ನಿನ್ನ ಡ್ಯೂಟಿ ಮುಗದೈತಲ್ಲಬೇ ಮುದುಕಿ, ಮತ್ತ್ಯಾಕ ಬಂದಿ?"

"ಲೇ ತಮ್ಮಾ, ನನ್ನ ಒಳಗ ಬಿಡಬ್ಯಾಡ. ಸೂಜಿ ಸೀ ನೀರಾಗ ಅದ್ದಬ್ಯಾಡ ಅಂತ ಒಂದು ಮಾತು ಒಳಗ ಹೇಳಿ ಬಾ. ಅಷ್ಟ ಸಾಕು."

"ಹೇಳತೀನಿ ಹೋಗು. ಇನ್ನೇನೇನು ಹೇಳಬೇಕು ದೊಡ್ಡ ಡಾಕ್ಟರಮ್ಮಾರೇ?" ಎಂದು ನಕ್ಕ. ಹೇಳಲಿಲ್ಲವೆಂಬುದು ಏಪ್ರಿಲ್ ಹನ್ನೊಂದರ ಸೂಜಿಯಿಂದ ಗೊತ್ತಾಯಿತು. ಅದೂ ಮಂಗಳವಾರ.

ಒಬ್ಬ ಆಯಾ ತನ್ನ ಕೈಯಿಂದ ಏನಾಯಿತೆಂದು ತಿಳಿದ ಗಳಿಗೆಯಲ್ಲೇ ಎದ್ದು ಹೋಗಿ ಗೇಟಿನ ಮುಂದೆ ನಿಂತಳು. ತಮ್ಮ ಕಚೇರಿಗೆ ತಿಳಿದು ಏಳು ವಾರವಾಯಿತು. ಕುರ್ಚಿ ಇನ್ನೂ ಅಲುಗಿಲ್ಲ.

ಇಲ್ಲ, ಒಮ್ಮೆ ಅಲುಗಿತು, ಒಪ್ಪಿಕೊಳ್ಳುತ್ತೇನೆ. ಏಪ್ರಿಲ್ ಇಪ್ಪತ್ತರಂದು ನಾನೇ ತಮ್ಮ ಕಚೇರಿಗೆ ಬಂದೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿ ಒಳಗೆ ಕರೆದಿರಿ. "ಎಂದುಕಮ್ಮಾ ಇದಂತಾ ನೀಕು?" ಎಂದು ತೆಲುಗಿನಲ್ಲಿ ಕೇಳಿದಿರಿ. ಇದೆಲ್ಲ ನಿನಗೇಕಮ್ಮ ಎಂದು! ಏಳು ತಿಂಗಳ ಬಸುರಿ ತಮ್ಮ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿಯೇ ನಿಂತಿದ್ದಳು. ನಿಮ್ಮ ಯಜಮಾನರನ್ನು ಕಳಿಸಿ, ಅವರಿಗೆ ವಿವರಿಸುತ್ತೇನೆ ಎಂದಿರಿ. ಬೆನ್ನು ಕೊಡುವವಳು ನಾನು, ವಿವರಣೆ ಅವರಿಗೆ? ಆಮೇಲೆ ನಾನು ಸವುಳು ನೀರು, ಸಿಹಿನೀರಿನ ವಿಷಯ ಹೇಳತೊಡಗಿದಾಗ ತಾವು ನಕ್ಕು, "ಅಮ್ಮಾ, ಸಿಹಿನೀರು ಉಪ್ಪುನೀರು ಅಡಿಗೆಮನೆ ವಿಚಾರ, ಇದು ಶಸ್ತ್ರಚಿಕಿತ್ಸೆ" ಎಂದಿರಿ.

ಹೌದು ಸ್ವಾಮಿ, ಅಡಿಗೆಮನೆ ವಿಚಾರವೇ. ಉಪ್ಪಿನಕಾಯಿ ಹಾಕುವ ಯಾವ ಹೆಂಗಸನ್ನಾದರೂ ಕೇಳಿ. ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿದ ಮೇಲೆ ಅದರೊಳಗೆ ಹಸಿ ಕೈ ಹಾಕಿದರೆ ಏನಾಗುತ್ತದೆಂದು ಹತ್ತು ವರ್ಷದ ಹುಡುಗಿ ಹೇಳುತ್ತಾಳೆ. ಬೂಸು ಹಿಡಿಯುತ್ತದೆ. ಕೈ ಎಷ್ಟು ಸ್ವಚ್ಛವಾಗಿತ್ತು, ಕೈ ತೊಳೆದ ನೀರು ಎಷ್ಟು ಸಿಹಿಯಾಗಿತ್ತು ಎಂದು ಯಾರೂ ವಾದಿಸುವುದಿಲ್ಲ. ಭರಣಿಗೆ ಈ ಮರ್ಯಾದೆಯಿದೆ. ನಮ್ಮ ಬೆನ್ನುಹುರಿಗೆ ಭರಣಿಯಷ್ಟಾದರೂ ಮರ್ಯಾದೆ ಕೊಡಿ ಎಂದರೆ ಅದು ಅತಿಯಾಸೆಯೆ?

ಇನ್ನು ಒಂದು ವಿಷಯ. ತಮಗೆ ಹಿತವಾಗದು. ಆಪರೇಷನ್ ಕೋಣೆಯ ಗಾಜಿನ ಕಪಾಟಿಗೆ ಒಂದು ಚೀಟಿ ಅಂಟಿಸಿದೆ. ಪಾರಮ್ಮನನ್ನು ಒಳಗೆ ಕರೆದೊಯ್ದಾಗ ಬಾಗಿಲಲ್ಲಿ ನಿಂತು ನಾನೇ ಓದಿದ್ದೆ, ಆಗ ಅರ್ಥವಾಗಿರಲಿಲ್ಲ. "ಸೂಜಿಗಳ ಮೇಲೆ ಬಿಳಿ ಕಲೆ ಕಂಡುಬಂದಲ್ಲಿ ಸಂಬಂಧಪಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಸಿಹಿನೀರನ್ನು ಕುಡಿಯುವ ಉಪಯೋಗಕ್ಕೆ ಹೊರತು ಕುದಿಸುವ ಕೆಲಸಕ್ಕೆ ಖರ್ಚು ಮಾಡತಕ್ಕದ್ದಲ್ಲ." ಕೆಳಗೆ ಅಕ್ಟೋಬರಿನ ತಾರೀಖು, ತಮ್ಮ ಹುದ್ದೆ. ನವೆಂಬರಿನಲ್ಲಿ ಮೊದಲ ಜ್ವರ. ಸವುಳು ನೀರಿನಲ್ಲೇ ಕುದಿಸಬೇಕು, ಆದರೆ ಸುಣ್ಣ ಕೂಡಬಾರದು! ಈ ಎರಡು ಅಪ್ಪಣೆಗಳನ್ನು ಒಟ್ಟಿಗೆ ಪಾಲಿಸುವ ದಾರಿ ಲೋಕದಲ್ಲಿ ಒಂದೇ ಇತ್ತು. ಆ ದಾರಿಯನ್ನು ಇಪ್ಪತ್ತೆರಡು ವರ್ಷದ ನಂಬಿಗಸ್ಥ ಆಯಾ ಹುಡುಕಿದಳು. ಅಲ್ಲಿಗೆ ಸೂಜಿಗಳು ಹೊಳೆದವು. ಮುಂದಿನ ಭೇಟಿಯಲ್ಲಿ ತಾವು ಅವನ್ನು ನೋಡಿ ಮೆಚ್ಚಿದಿರಂತೆ, ಹೊನ್ನೂರಮ್ಮನವರು ಈಗಲೂ ಅದನ್ನು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳುತ್ತಿದ್ದರು. ತಾವು ಯಾರನ್ನೂ ಕೊಲ್ಲಲು ಬರೆದದ್ದಲ್ಲ, ಬಲ್ಲೆ. ನಾನೂ ಪಾರಮ್ಮನನ್ನು ಕೊಲ್ಲಲು ಮಂಗಳವಾರ ಎನ್ನಲಿಲ್ಲ. ಆದರೆ ನಾನು ಅಂದೆ ಎಂದು ಇಲ್ಲಿ, ಇಡೀ ಜಿಲ್ಲೆಯ ಮುಂದೆ, ಬರೆದಿದ್ದೇನೆ. ಹೊನ್ನೂರಮ್ಮನವರು ಗೇಟಿನ ಮುಂದೆ ನಿಂತು ಒಪ್ಪಿಕೊಂಡರು. ತಮ್ಮ ಸರದಿ.

ನಮ್ಮ ಮನೆಯವರು ಈ ಪತ್ರವನ್ನು ಎರಡು ಸಲ ಓದಿ, ಮಾಸ್ತರಿಕೆಯ ಚಿಂತೆಯಿಂದ ಮೀಸೆ ತಿರುವಿ, ನಾನು ಬರೆದಿದ್ದ ಎರಡು ಬೈಗುಳಗಳನ್ನು ಹೊಡೆದುಹಾಕಿ, "ಇನ್ನ ಕಳಿಸು" ಎಂದರು. ಆದ್ದರಿಂದ ಇಲ್ಲಿರುವುದು ತಿದ್ದಿದ ಪ್ರತಿ. ಮೂಲ ನನ್ನ ಮನಸ್ಸಿನಲ್ಲಿದೆ.

ನನ್ನ ಊಹೆ ತಪ್ಪಿರಬಹುದು ಎಂದು ತಾವು ಹೇಳಬಹುದು. ಇರಬಹುದು. ಪರೀಕ್ಷೆ ಮಾಡಿ ತೋರಿಸಿ. ಆ ಗಡಿಗೆಯ ನೀರನ್ನು, ಪಿಚಕಾರಿಯಲ್ಲಿ ಉಳಿದ ನೀರನ್ನು ಮೊಹರು ಮಾಡಿ ಮದರಾಸಿನ ಪ್ರಯೋಗಾಲಯಕ್ಕೆ ಕಳಿಸಿ, ಬಂದ ಉತ್ತರವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಅದೇ ಗೋಡೆಗೆ ಅಂಟಿಸಿ. ಅಲ್ಲಿಯವರೆಗೆ ಸೂಜಿ, ಪಿಚಕಾರಿಗಳನ್ನು ಸಿಹಿನೀರಿನಲ್ಲೇ ಕುದಿಸಲಿ. ಆಗ ಸುಣ್ಣವೂ ಕೂಡುವುದಿಲ್ಲ, ತೊಳೆಯುವ ಮಾತೂ ಬರುವುದಿಲ್ಲ, ತಮ್ಮ ಕಣ್ಣಿಗೆ ಬೇಕಾದ ಹೊಳಪೂ ಉಳಿಯುತ್ತದೆ. ಸೋಮವಾರಕ್ಕೆ ಬೇಕಾದ ಒಂದು ಕೊಡವನ್ನು ಆದಿತ್ಯವಾರವೇ ಎತ್ತಿಟ್ಟು ಬೀಗ ಹಾಕಿ. ಸಾಲದಿದ್ದರೆ ಆ ದಿನ ಚಹಾ ಸವುಳು ನೀರಿನಲ್ಲಿ ಆಗಲಿ. ನಾವು ಕುಡಿದು ಬದುಕಿದ್ದೇವೆ. ತಮ್ಮ ಚೀಟಿಯನ್ನು ಕಪಾಟಿನಿಂದ ತೆಗೆಯಿರಿ. ಗಾದೆಪ್ಪನಿಗೆ ಅವನ ಪ್ರಶ್ನೆಯ ಉತ್ತರವನ್ನು ಬರೆದು ತಿಳಿಸಿ. ಅವನಿಗೆ ಓದಲು ಬಾರದು, ನಾನು ಓದಿ ಹೇಳುತ್ತೇನೆ.

ಜೂನ್ ತಿಂಗಳ ಕಡೆಯ ವಾರ ನಾನು ಬರುತ್ತೇನೆ. ಹೆದರಿ ಮನೆಯಲ್ಲಿ ಕೂರುವುದಿಲ್ಲ, ಕೂತರೆ ಕೂಸೂ ಉಳಿಯುವುದಿಲ್ಲ ನಾನೂ ಉಳಿಯುವುದಿಲ್ಲ. ಸೋಮವಾರವೇ ಕೊಡಿ ಎಂದು ಬೇಡುವುದೂ ಇಲ್ಲ. ನಾನು ಸೋಮವಾರಕ್ಕೆ ಓಡಿದರೆ ಮಂಗಳವಾರದ ಮೇಜಿನ ಮೇಲೆ ಇನ್ಯಾವಳೋ ಮಲಗುತ್ತಾಳೆ. ಮಂಗಳವಾರವೇ ಬರುತ್ತೇನೆ. ಆದರೆ ಒಂದು ಷರತ್ತು, ಇದರಿಂದ ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ಅವತ್ತು ನನ್ನ ಸೂಜಿಯನ್ನು ಕುದಿಸುವವರು ಹೊನ್ನೂರಮ್ಮನವರೇ ಆಗಬೇಕು. ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಂಡು, ಆ ಕೋಣೆಯ ಬೀಗದ ಕೈಯನ್ನು ಅವರ ಕೈಗೆ ಕೊಡಬೇಕು. ತಪ್ಪು ಮಾಡಿದವಳ ಕೈಗೇ ಮತ್ತೆ ಬೆನ್ನು ಕೊಡುತ್ತೀಯಾ ಎಂದು ಅತ್ತೆ ಕೇಳಿದರು. ಕೊಡುತ್ತೇನೆ. ಆ ಕಟ್ಟಡದಲ್ಲಿ ಸೂಜಿಯ ಒಳಗಿನ ಒಂದು ತೊಟ್ಟು ನೀರಿಗೆ ಏನು ಬೆಲೆಯೆಂದು ತಿಳಿದಿರುವವರು ಅವರೊಬ್ಬರೇ. ಅವರು ಇಕ್ಕಳದಿಂದ ಸೂಜಿ ಎತ್ತುವುದನ್ನು ಕಂಡಮೇಲೆ ನಾನು ಪಕ್ಕಕ್ಕೆ ಹೊರಳುತ್ತೇನೆ. ಅಲ್ಲಿಯವರೆಗೆ ನೋವು ಎಷ್ಟೇ ಬರಲಿ, ಮೇಜಿನ ಮೇಲೆ ನೆಟ್ಟಗೆ ಕೂತಿರುತ್ತೇನೆ.

ಇಂತಿ, ಅದೇ ಸೂಜಿಗೆ ಎರಡನೆಯ ಸಲ ಬೆನ್ನು ಕೊಡಲಿರುವ,
ಇಂಟರ್ ಪಾಸಾಗಿಯೂ ಬಸ್ಸಿನ ಮಂದಿಗಿಂತ ತಡವಾಗಿ ತಿಳಿದುಕೊಂಡ,
ಕುರುಗೋಡಿನ ಉಚ್ಚಂಗೆಮ್ಮ